ಸಾಲವೂ ಸರ್ಕಾರದ ಗುಟ್ಟೂ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವುದುಂಟು. ಅಮೆರಿಕದ ಸರ್ಕಾರವಾದರೋ ಈ ಬುದ್ಧಿಮಾತನ್ನು ದೇಶರಕ್ಷಣೆಯ ನಿಯಮಗಳಲ್ಲಿಯೇ ಸೇರಿಸಿಕೊಂಡಿದೆ. ನಮ್ಮವರ ಮಕ್ಕಳು ಅನೇಕರು ಅಲ್ಲಿನ ಪೌರರಾಗಿ ನೆಲೆಸಿರುವುದರಿಂದ ಆ ಸಂಗತಿ ವಾಚಕರಿಗೆ ಉಪಯುಕ್ತವಾದೀತು.

ಅಲ್ಲಿ ಸರ್ಕಾರದ ಗುಪ್ತ ಕಾಗದಪತ್ರಗಳನ್ನು ನೋಡಬೇಕಾದ ಉದ್ಯೋಗಕ್ಕೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಎಂಬ ಅನುಮತಿ ಬೇಕು. ೨೦೧೭ರ ಜೂನ್‌ನಲ್ಲಿ ಜಾರಿಗೆ ಬಂದ ೧೩ ಮಾರ್ಗಸೂತ್ರಗಳಲ್ಲಿ ಒಂದು ಹಣಕಾಸಿಗೇ ಮೀಸಲು. ತೀರಿಸದ ಸಾಲ, ಕಟ್ಟದ ತೆರಿಗೆ, ಆದಾಯ ಮೀರಿದ ವೆಚ್ಚ, ಜೂಜು ಇವೆಲ್ಲ ಅದರಲ್ಲಿ ಬರುತ್ತವೆ.

ಸ್ವಂತ ಸಾಲಕ್ಕೂ ದೇಶದ ಗುಟ್ಟಿಗೂ ಏನು ಸಂಬಂಧವೆಂದು ಕೇಳಬಹುದು. ಆಲ್ಡ್ರಿಚ್ ಏಮ್ಸ್ ಎಂಬಾತ ಆ ದೇಶದ ಗೂಢಚರ್ಯೆ ಇಲಾಖೆಯಾದ ಸಿ.ಐ.ಎ.ಯ ಅಧಿಕಾರಿ. ವಿವಾಹ ವಿಚ್ಛೇದನದ ಖರ್ಚು, ಏರುತ್ತಿದ್ದ ಸಾಲ ಇವುಗಳ ನಡುವೆ ೧೯೮೫ರಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ, ೫೦,೦೦೦ ಡಾಲರುಗಳಿಗೆ ರಹಸ್ಯ ಮಾರಿದನು. ೧೯೯೪ರಲ್ಲಿ ಸಿಕ್ಕಿಬಿದ್ದು ಆಜೀವ ಸೆರೆವಾಸಕ್ಕೆ ಗುರಿಯಾದನು. ಅಷ್ಟರಲ್ಲಿ ಆತ ಹೆಸರು ಬಯಲುಮಾಡಿದವರಲ್ಲಿ ಹಲವರು ಪ್ರಾಣ ಕಳೆದುಕೊಂಡಿದ್ದರು.

ಹಾಗೆಂದು ಸಾಲವಿದ್ದವರೆಲ್ಲ ಅನರ್ಹರೆಂದು ತಿಳಿಯಬಾರದು. ಮನೆಸಾಲ, ವಿದ್ಯಾಭ್ಯಾಸದ ಸಾಲಗಳ ಕಂತನ್ನು ತಪ್ಪದೆ ಕಟ್ಟುವವರಿಗೆ ಆತಂಕವಿಲ್ಲ. ನೌಕರಿ ಹೋಯಿತು, ಮನೆಯಲ್ಲಿ ಕಾಯಿಲೆ ಬಂತು, ಸಂಸಾರ ಮುರಿಯಿತು ಎಂಬಂತಹ ಕೈಮೀರಿದ ಕಾರಣಗಳಿಂದ ಸಾಲ ನಿಂತಿದ್ದರೆ, ಅದನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ಆದರೆ ಆಮೇಲೆ ಆತನು ಏನು ಮಾಡಿದನೆಂಬುದೇ ಮುಖ್ಯ. ಸಾಲ ಕೊಟ್ಟವರೊಡನೆ ಮಾತಾಡಿ ಕಂತು ಗೊತ್ತುಮಾಡಿಕೊಂಡನೇ? ಸ್ವಲ್ಪಸ್ವಲ್ಪವಾದರೂ ಕಟ್ಟುತ್ತಿದ್ದಾನೆಯೇ? ಕಾಗದಪತ್ರಗಳ ಆಧಾರವುಂಟೇ? ಹಳೆಯ ಸಾಲ, ಅವಧಿ ಮೀರಿತೆಂದು ಕೈಕಟ್ಟಿ ಕುಳಿತವನ ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಎಲ್ಲಕ್ಕಿಂತ ಅಪಾಯವಾದುದು ಮುಚ್ಚಿಡುವುದು. ಅರ್ಜಿದಾರನು ಬಾಕಿಯ ಸಂಗತಿಯನ್ನು ತಾನೇ ಬರೆದುಕೊಡಬೇಕು. ಅವರು ಸಾಲದ ದಾಖಲೆಗಳನ್ನೂ ತರಿಸಿ ನೋಡುತ್ತಾರೆ. ಬೇಕೆಂದೇ ಸುಳ್ಳು ಬರೆದರೆ ಅದು ಬೇರೆಯೇ ದೋಷವಾಗಿ, ಶಿಕ್ಷಾರ್ಹ ಅಪರಾಧವೂ ಆಗಬಹುದು. ತೀರಿಸಬಹುದಾಗಿದ್ದ ಸಾಲಕ್ಕಿಂತ ಹೇಳದೆ ಬಿಟ್ಟ ಸಾಲವೇ ಭಾರವಾಗುವುದು ಹೀಗೆ.

ನಮ್ಮ ಕೇಂದ್ರ ಸರ್ಕಾರದ ೧೯೬೪ರ ನಡತೆ ನಿಯಮಗಳೂ ನೌಕರನು ಸದಾ ಸಾಲದಲ್ಲಿ ಮುಳುಗಿರಬಾರದೆಂದೂ, ಸಾಲ ವಸೂಲಿಗೆ ದಾವೆ ಬಿದ್ದರೆ ಒಡನೆ ತಿಳಿಸಬೇಕೆಂದೂ ವಿಧಿಸುತ್ತವೆ. ಎರಡು ದೇಶಗಳ ಮಾತೂ ಒಂದೇ.

ಆದುದರಿಂದ, ದೂರದೇಶದ ಮಗನೋ ಮಗಳೋ ಹಣದ ತಾಪತ್ರಯ ಹೇಳಿಕೊಂಡಾಗ ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಮನೆಯಲ್ಲಿ ಹೇಳಲು ಅಂಜದವರು ಹೊರಗೂ ನಿಜ ಹೇಳಲು ಅಂಜುವುದಿಲ್ಲ.