ಹಾನಗಲ್ಲ ಸೀಮೆಯ ಕೊರಳು, ಕಂಪನಿಯ ಪರದೆ

ಕಂಪನಿ ನಾಟಕದಲ್ಲಿ ಪರದೆ ಏಳುವುದಕ್ಕಿಂತ ಮೊದಲು ಕಾಲುಪೇಟಿ ಉಸಿರೆಳೆದುಕೊಳ್ಳುತ್ತದೆ. ಮಾಸ್ತರರ ಕಾಲೆರಡೂ ತಿದಿಯ ಮೇಲೆ, ಕೈಯೆರಡೂ ಸ್ವರದ ಮೇಲೆ. ನಾಂದಿ ಎತ್ತಿದರೆಂದರೆ ಚುರುಮುರಿ ಪೊಟ್ಟಣದ ಸದ್ದು ತಾನಾಗಿ ಅಡಗುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಜಾತ್ರೆಗೆ ತೇರು ಎಷ್ಟು ಮುಖ್ಯವೋ ನಾಟಕವೂ ಅಷ್ಟೇ. ‘ಹಾಡಿಲ್ಲದ್ದು ಎಂಥಾ ನಾಟಕ ಬಿಡ್ರಿ’ ಎನ್ನುವ ಜನ ಇದು.

ಹಾಡಿನಲ್ಲೇ ಕಥೆ ನಡೆಸುವ ರಂಗಕ್ಕೆ ಯುರೋಪಿನವರು ಆಪೆರಾ ಅಂದರು. ಬಹುಕಾಲ ಇಟಲಿಯ ಹಾಡಿಗೇ ಮರುಳಾಗಿದ್ದ ರಷ್ಯಾದ ಅರಮನೆಗೆ ಹಳ್ಳಿಯ ದನಿ ತಂದವನು ಸಂಗೀತ ರಚನಕಾರ ಗ್ಲಿಂಕಾ, 1836ರಲ್ಲಿ, ತನ್ನ ಮೊದಲ ಆಪೆರಾದ ಮೂಲಕ. ಮುಸೋರ್ಗ್‌ಸ್ಕಿಯ ‘ಬೋರಿಸ್ ಗೊಡುನೋವ್’ (1874) ಆಪೆರಾದಲ್ಲಿ ದೊರೆಯ ಪಟ್ಟಾಭಿಷೇಕಕ್ಕೆ ಜನ ಜೈಕಾರ ಹಾಕುವ ಧಾಟಿ ಹಳ್ಳಿಯವರು ಕ್ರಿಸ್‌ಮಸ್ ದಿನಗಳಲ್ಲಿ ಹಾಡಿಕೊಳ್ಳುತ್ತಿದ್ದ ಪದದ್ದು. ಅದೇ ಧಾಟಿಯನ್ನು ಬೀಥೋವನ್ ಅದಕ್ಕೂ ಮೊದಲೇ ಎತ್ತಿಕೊಂಡಿದ್ದ. ರಿಮ್‌ಸ್ಕಿ-ಕೊರ್ಸಕೋವ್ ಅಂತೂ ನೂರು ಜನಪದ ಗೀತೆಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ.

ಗ್ಲಿಂಕಾನ ಎರಡನೆಯ ಆಪೆರಾ ರಂಗಕ್ಕೆ ಬಂದದ್ದು 1842ರಲ್ಲಿ. ಅದೇ ವರ್ಷ ನಮ್ಮ ಹೊನ್ನಾವರದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಸಂಸ್ಥಾನಿಕರು ‘ನಮ್ಮಲ್ಲೂ ಇಂಥದ್ದೊಂದು ಆಗಲಿ’ ಎಂದದ್ದಕ್ಕೆ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯಲ್ಲಿ ‘ಸೀತಾಸ್ವಯಂವರ’ ಆಡಿಸಿದರು. 1880ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ ಆದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ‘ಸಂಗೀತ ಶಾಕುಂತಲ’ ರಂಗಕ್ಕೆ ತಂದರು. ಮರಾಠಿ ಸಂಗೀತ ನಾಟಕದ ಮುಂದೆ ನಾವು ತಲೆ ತಗ್ಗಿಸಿ ನಿಲ್ಲುವ ಅಗತ್ಯವಿಲ್ಲ ಎಂದು ನನಗೆ ಅನಿಸುವುದು ಇದಕ್ಕೇ. ಕೊಟ್ಟದ್ದೂ ನಾವೇ, ಕಂಪನಿ ನಾಟಕದ ರೂಪದಲ್ಲಿ ಬಡ್ಡಿಸಮೇತ ಇಸಿದುಕೊಂಡದ್ದೂ ನಾವೇ.

ದೊಡ್ಡಾಟದಲ್ಲಿ ಹಿಮ್ಮೇಳದವರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಕಂಪನಿ ನಾಟಕ ಆ ಹಾಡನ್ನು ಪಾತ್ರಧಾರಿಯ ಕೊರಳಿಗೇ ಇಳಿಸಿ, ಅದಕ್ಕೆ ಹಿಂದುಸ್ತಾನಿ ರಾಗದ ಪಾಲಿಶ್ ಕೊಟ್ಟಿತು. ಹಾಗಾಗಿ ಇಲ್ಲಿ ನಟನಿಗೆ ಮೊದಲು ಬೇಕಾದದ್ದು ಕಂಠ, ರೂಪ ಆಮೇಲಿನದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಗವಾಯಿಗಳೇ ಹುಡುಗರಾಗಿದ್ದಾಗ ಬಣ್ಣ ಹಚ್ಚಿದವರು.

ಇಂಥ ಹಲವು ಕಂಠಗಳ ಬೇರು ಹುಡುಕಿದರೆ ಹಾನಗಲ್ಲ ತಾಲ್ಲೂಕಿಗೇ ಬರಬೇಕು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಹಾಡಿಕೊಂಡಿದ್ದ ಈ ಹುಡುಗರನ್ನು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಕರೆದೊಯ್ದು ಸಂಗೀತ ಕಲಿಸಿದರು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಅವರು ಊರೂರು ಅಲೆಯುತ್ತ ನಡೆಸಿದ ಸಂಗೀತ ಶಾಲೆ ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಅದೇ ತಾಲ್ಲೂಕಿನ ದೇವಗಿರಿಯ ಹುಡುಗ, ಸೋದರಮಾವನ ಹಾರ್ಮೋನಿಯಂ ತಡವುತ್ತ ಬೆಳೆದ ಪುಟ್ಟರಾಜ (1914–2010), ಅವರ ಶಿಷ್ಯನಾಗಿ ಬಂದ. ಈತನಿಗೂ ದೃಷ್ಟಿಯಿರಲಿಲ್ಲ.

ಆಶ್ರಮದಲ್ಲಿ ಉಣ್ಣುವ ಬಾಯಿ ಬಹಳ, ಆದಾಯ ಕಡಿಮೆ. ಅದರ ನಾಟಕ ಕಂಪನಿ ದುಡಿದದ್ದು ಆ ಅನ್ನಕ್ಕಾಗಿ. ಪುಟ್ಟರಾಜ ಗವಾಯಿಗಳು ಶರಣರ ಕಥೆಗಳನ್ನು ನಾಟಕ ಮಾಡಿ ಬರೆದರು, ಹಾಡು ಹೊಸೆದರು. ಪೇಟಿ, ತಬಲಾ, ಸಾರಂಗಿ, ಪಿಟೀಲು ಎಲ್ಲವೂ ಅವರ ಕೈಗೆ ಬರುತ್ತಿದ್ದವು. ರಷ್ಯಾದಲ್ಲಿ ಆಪೆರಾವನ್ನು ಸಾಕಿದ್ದು ಅರಮನೆ. ಇಲ್ಲಿ ನಾಟಕವೇ ಮಕ್ಕಳನ್ನು ಸಾಕಿತು.

ಹಳೆಯ ನಾಟಕದ ಪುಸ್ತಕ ಸಿಕ್ಕರೆ ತೆರೆದು ನೋಡಿ. ಪದ್ಯದ ನೆತ್ತಿಯ ಮೇಲೆ ರಾಗ, ತಾಳ, ಅದರ ಪಕ್ಕದಲ್ಲಿ ‘ಧಾಟಿ’ ಎಂದು ಬರೆದು ಯಾವುದೋ ಹಾಡಿನ ಮೊದಲ ಎರಡು ಮಾತು. ಸ್ವರಲಿಪಿ ಇಲ್ಲ. ಆ ಹಾಡು ಮರಾಠಿಯದ್ದಿರಬಹುದು, ಸಿನಿಮಾದ್ದಿರಬಹುದು, ಬೀಸುವ ಪದದ್ದಿರಬಹುದು, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿದ್ದ ಶರೀಫಜ್ಜನದ್ದೂ ಇರಬಹುದು. ಇದನ್ನು ಕಳವು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಗ್ಲಿಂಕಾ ಕೂಡ ಜನರ ಧಾಟಿ ಎತ್ತಿಕೊಂಡವನೇ; ಆತ ಅದನ್ನು ಕಾಗದಕ್ಕೆ ಕಟ್ಟಿಹಾಕಿದ. ನಮ್ಮ ಮಾಸ್ತರರು ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಧಾಟಿ ಮರೆತ ದಿನ ಪುಸ್ತಕದಲ್ಲಿ ಪದ್ಯ ಮಾತ್ರ ಉಳಿಯುತ್ತದೆ, ನಿಜ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಈ ಧಾಟಿಗಳನ್ನು ಹಿಡಿದಿಡುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ.

ಬೋರಿಸ್ ದೊರೆ ಸಾಯುವ ಮುನ್ನ ಮಗನನ್ನು ಕರೆದು ಸಾವಕಾಶವಾಗಿ ಹಾಡುತ್ತಾನೆ. ನಮ್ಮವರು ಅದಕ್ಕಿಂತ ಒಂದು ಕೈ ಮೇಲು. ಹಾಡು ಮುಗಿಸಿ ಪ್ರಾಣ ಬಿಟ್ಟವನಿಗೆ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಬಿದ್ದರೆ, ಆತ ಎದ್ದು ಪೇಟಿಯತ್ತ ಒಮ್ಮೆ ನೋಡಿ, ಪಲ್ಲವಿಯಿಂದ ಹಾಡಿ, ಮತ್ತೊಮ್ಮೆ ಸಾಯುತ್ತಾನೆ.