ಸರಕಾರಿ ಬಾಡಿಗೆ ಖೋಲಿ: ಬಾಡಿಗೆದಾರರಲ್ಲದವರು ಕೊಳ್ಳಬಹುದೇ?

ಮುಂಬಯಿ ಮಹಾನಗರದಲ್ಲಿ ಸ್ವಂತ ಸೂರು ಎಂಬುದು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ಪ್ರತಿಯೊಬ್ಬ ತುಳು-ಕನ್ನಡಿಗನ ಕನಸು. ಹೊಟೇಲು, ಕ್ಯಾಂಟೀನು, ಕಾರ್ಖಾನೆಗಳಲ್ಲಿ ದುಡಿದು ಕೂಡಿಟ್ಟ ಹಣ, ನಿವೃತ್ತಿಯ ದಿನ ಕೈಸೇರಿದ ಪಿ.ಎಫ್., ಗ್ರ್ಯಾಚುಟಿ, ಊರಿನ ಜಾಗದ ಪಾಲು ಮಾರಿ ಬಂದ ಮೊತ್ತ, ಎಲ್ಲವೂ ಕೊನೆಗೆ ಒಂದು ಖೋಲಿಗೆ ಸಂದಾಯವಾಗುತ್ತದೆ. ಹೀಗಿರುವಾಗ ದಲಾಲನೊಬ್ಬ ಬಂದು, "ಸರಕಾರಿ ಚಾಳಿನಲ್ಲಿ ಒಂದು ಖೋಲಿ ಇದೆ. ಬಾಡಿಗೆದಾರ ಊರಿಗೆ ಹೊರಟಿದ್ದಾನೆ. ಪವರ್ ಆಫ್ ಅಟಾರ್ನಿ ಮಾಡಿಕೊಡುತ್ತಾನೆ. ನಾಳೆ ಹೊಸ ಕಟ್ಟಡ ಎದ್ದರೆ ಫ್ಲ್ಯಾಟ್ ನಿಮ್ಮದೇ" ಎಂದರೆ ಯಾರ ಮನಸ್ಸಾದರೂ ಕರಗೀತು.

ಆದರೆ ಸರಕಾರ ಬಾಡಿಗೆಗೆಂದು ಕೊಟ್ಟ ಮನೆಯನ್ನು ಬಾಡಿಗೆದಾರನಲ್ಲದವನು ಕೊಂಡುಕೊಳ್ಳಬಹುದೇ? ಉತ್ತರ ಇಷ್ಟೇ: ಬಾಡಿಗೆದಾರನಿಂದ ಕೊಳ್ಳಲಾಗದು, ಮಾರಲು ಮನೆ ಅವನದಲ್ಲ. ಮನೆಯ ಒಡೆತನವಿರುವ ಸರಕಾರ ಅಥವಾ ಮಂಡಳಿಯೇ ಮಾರಲು ಮುಂದೆ ಬಂದರೆ ಮಾತ್ರ ಕೊಳ್ಳಬಹುದು.

ಪಗಡಿ ಬೇರೆ, ಸರಕಾರಿ ಖೋಲಿ ಬೇರೆ

ಗಿರ್‌ಗಾಂವ್, ದಾದರ್ ಕಡೆಯ ಖಾಸಗಿ ಚಾಳುಗಳ ಪಗಡಿ ವ್ಯವಹಾರ ಕಂಡವರಿಗೆ ಇಲ್ಲಿ ಗೊಂದಲವಾಗುವುದು ಸಹಜ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 56ನೇ ಕಲಂ ಪ್ರಕಾರ ಬಾಡಿಗೆದಾರ ತನ್ನ ಹಕ್ಕು ವರ್ಗಾಯಿಸಲು ಹಣ ಪಡೆಯಬಹುದು, ಒಪ್ಪಿಗೆ ನೀಡಲು ಮಾಲಕನೂ ಹಣ ಪಡೆಯಬಹುದು. ಆದರೆ ಅದೇ ಕಾಯಿದೆಯ 3ನೇ ಕಲಂ ಸರಕಾರಕ್ಕೆ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಸೇರಿದ ಕಟ್ಟಡಗಳನ್ನು ಕಾಯಿದೆಯಿಂದ ಹೊರಗಿಟ್ಟಿದೆ. ಅಂದರೆ ಪಗಡಿಯ ರಕ್ಷಣೆ ಸರಕಾರಿ ಖೋಲಿಗೆ ಇಲ್ಲ. ಮ್ಹಾಡಾದ ಮನೆಯಲ್ಲಿ ಅನಧಿಕೃತವಾಗಿ ಇರುವವರನ್ನು ತೆರವುಗೊಳಿಸಲು ಮ್ಹಾಡಾ ಕಾಯಿದೆಯ 66ನೇ ಕಲಂ ಅಧಿಕಾರ ನೀಡುತ್ತದೆ.

ಇನ್ನು ಪವರ್ ಆಫ್ ಅಟಾರ್ನಿಯ ಮಾತು. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ಪವರ್ ಆಫ್ ಅಟಾರ್ನಿ, ಮಾರಾಟದ ಕರಾರು, ಮರಣಶಾಸನ ಇವುಗಳಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ. ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು. ಸ್ವಂತ ಆಸ್ತಿಗೇ ಈ ನಿಯಮವಾದರೆ, ಬರೇ ಬಾಡಿಗೆ ಪಾವತಿ ಇಟ್ಟುಕೊಂಡವನು ಏನನ್ನು ಮಾರಿಯಾನು?

ಬಿಡಿಡಿ ಚಾಳುಗಳ ಪಾಠ

1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಾರ್ಮಿಕರಿಗಾಗಿ ಕಟ್ಟಿದ ಬಿಡಿಡಿ ಚಾಳುಗಳು ಒಟ್ಟು 207. ವರ್ಲಿಯಲ್ಲಿ 121, ನಾಯ್‌ಗಾಂವ್‌ನಲ್ಲಿ 42, ಎನ್.ಎಂ. ಜೋಶಿ ಮಾರ್ಗದಲ್ಲಿ 32, ಶಿವಡಿಯಲ್ಲಿ 12. ಶಿವಡಿ ಬಿಟ್ಟು ಉಳಿದ ಮೂರು ಕಡೆ ಮ್ಹಾಡಾ ಮೂಲಕ ಪುನರ್‌ನಿರ್ಮಾಣಕ್ಕೆ 2017ರಲ್ಲಿ ಶಂಕುಸ್ಥಾಪನೆಯಾಯಿತು. 160 ಚದರ ಅಡಿಯ ಖೋಲಿಯಲ್ಲಿದ್ದ ಅರ್ಹ ನಿವಾಸಿಗೆ 500 ಚದರ ಅಡಿಯ ಮನೆ ಉಚಿತ. 2025ರ ಆಗಸ್ಟ್ 14ರಂದು ವರ್ಲಿಯಲ್ಲಿ ಮೊದಲ 556 ಮನೆಗಳ ಕೀಲಿಕೈ ವಿತರಣೆಯಾಯಿತು.

ಇಲ್ಲಿ 'ಅರ್ಹ' ಎಂಬ ಪದವೇ ಮುಖ್ಯ. ದಾಖಲೆ ಪರಿಶೀಲಿಸಿ ಅರ್ಹತೆ ನಿರ್ಧರಿಸುವವರು ಅಧಿಕಾರಿಗಳು, ದಲಾಲರಲ್ಲ. ಇದೇ ಚಾಳುಗಳಲ್ಲಿ ನೌಕರಿಯ ವಸತಿಯಾಗಿ ಖೋಲಿ ಪಡೆದಿದ್ದ ಪೊಲೀಸರ ವಿಷಯವನ್ನೇ ನೋಡಿ. ಅವರು ಬಾಡಿಗೆದಾರರಲ್ಲವಾದ್ದರಿಂದ ಉಚಿತ ಮನೆ ಸಿಗಲಿಲ್ಲ. ಮೊದಲು 50 ಲಕ್ಷ, ಬಳಿಕ 25 ಲಕ್ಷವೆಂದ ಸರಕಾರ 2022ರಲ್ಲಿ 15 ಲಕ್ಷ ರೂಪಾಯಿಗೆ ಮನೆ ಕೊಡಲು ನಿರ್ಧರಿಸಿತು. ಅದಕ್ಕೂ ನಿರ್ದಿಷ್ಟ ದಿನಾಂಕದ ಷರತ್ತಿತ್ತು.

ಮ್ಹಾಡಾದ ಟ್ರಾನ್ಸಿಟ್ ಕ್ಯಾಂಪುಗಳಲ್ಲಿಯೂ ಇದೇ ಕತೆ. 2019ರಲ್ಲಿ ಸರಕಾರ ಅಲ್ಲಿನ ನಿವಾಸಿಗಳನ್ನು ಮೂರು ವರ್ಗ ಮಾಡಿತು: ಮೂಲ ನಿವಾಸಿಗಳು, ಅವರಿಂದ ಪವರ್ ಆಫ್ ಅಟಾರ್ನಿ ಮುಂತಾದ ಕಾಗದಗಳ ಮೂಲಕ ಖೋಲಿ ಪಡೆದವರು, ಮತ್ತು ನುಸುಳಿದವರು. ಎರಡನೇ ವರ್ಗದವರು ಒಮ್ಮೆ ಖೋಲಿಗೆ ಹಣ ಕೊಟ್ಟಿದ್ದಾರೆ, ಸಕ್ರಮವಾಗಲು ಮತ್ತೊಮ್ಮೆ ಕೊಡಬೇಕು. ಇದನ್ನು ದಯೆ ಎನ್ನಬಹುದು, ಹಕ್ಕು ಎನ್ನಲಾಗದು.

ತೆರೆದಿರುವ ಬಾಗಿಲುಗಳು

ಹಾಗೆಂದು ಬಾಡಿಗೆಗಾಗಿ ಕಟ್ಟಿದ ಮನೆ ಎಂದೂ ಮಾರಾಟಕ್ಕೆ ಬಾರದು ಎಂದಲ್ಲ. 2008ರಲ್ಲಿ ಎಂಎಂಆರ್‌ಡಿಎ ಬಾಡಿಗೆ ಮನೆ ಯೋಜನೆ ಆರಂಭಿಸಿ 160 ಚದರ ಅಡಿಯ ಮನೆಗಳನ್ನು ಕಟ್ಟಿಸಿತು. ಮುಂದೆ ಯೋಜನೆಯೇ ಬದಲಾಯಿತು. ಪನ್ವೇಲ್ ಸಮೀಪದ ಕೋನ್‌ನಲ್ಲಿ ಎರಡೆರಡು ಮನೆ ಸೇರಿಸಿ 320 ಚದರ ಅಡಿ ಮಾಡಿ, 2,417 ಮನೆಗಳನ್ನು 2016ರ ಲಾಟರಿಯಲ್ಲಿ ಗಿರಣಿ ಕಾರ್ಮಿಕರಿಗೆ ತಲಾ 6 ಲಕ್ಷ ರೂಪಾಯಿಗೆ ನೀಡಲಾಯಿತು. ಅಲ್ಲಿ ಬಾಡಿಗೆಗೆ ಇದ್ದಿರದವರೇ ಮಾಲಕರಾದರು. ಆದರೆ ಮಾರಿದ್ದು ಒಡೆತನವಿದ್ದವರೇ. ಕೊರೊನಾ ಕಾಲದಲ್ಲಿ ಆ ಕಟ್ಟಡಗಳು ಪ್ರತ್ಯೇಕವಾಸ ಕೇಂದ್ರವಾದುದರಿಂದ ಕೀಲಿಕೈಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು ಎಂಬುದೂ ನಿಜ.

ಎರಡನೆಯ ಬಾಗಿಲು ಮ್ಹಾಡಾದ ಹಳೆಯ ವಸಾಹತುಗಳದ್ದು. ವಿಕ್ರೋಲಿಯ ಕನ್ನಂವಾರ್ ನಗರ, ಚೆಂಬೂರಿನ ತಿಲಕ್ ನಗರದಂಥ ಕಡೆ ಮನೆಗಳು ನಿವಾಸಿಗಳ ಹೆಸರಿಗಾಗಿ ಸೊಸೈಟಿಗಳು ರಚನೆಯಾಗಿವೆ. ಅಂಥ ಮನೆಯನ್ನು ನಿಯಮ ಪಾಲಿಸಿ ಯಾರೂ ಕೊಳ್ಳಬಹುದು. ಮೂರನೆಯದು ಮ್ಹಾಡಾ ಲಾಟರಿ. ಇದಕ್ಕೆ ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರ ಮತ್ತು ಆದಾಯದ ದಾಖಲೆ ಬೇಕು. ಲಾಟರಿಗೆ ಯಾವ ದಲಾಲರನ್ನೂ ನೇಮಿಸಿಲ್ಲ ಎಂದು ಮ್ಹಾಡಾ ಪ್ರತಿ ಜಾಹೀರಾತಿನಲ್ಲಿ ಹೇಳುತ್ತದೆ.

ಟೋಕನ್ ಕೊಡುವ ಮೊದಲು

ಖೋಲಿ ನೋಡಲು ಹೋದವರು ಮೊದಲು ಕೇಳಬೇಕಾದುದು ಬೆಲೆಯಲ್ಲ, ಕಾಗದ. ಮಂಡಳಿಯ ದಾಖಲೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ? ಬಾಡಿಗೆಗೋ, ಒಡೆತನಕ್ಕೋ? ಸೊಸೈಟಿಯ ಶೇರ್ ಸರ್ಟಿಫಿಕೇಟ್ ಇದೆಯೇ? ವರ್ಗಾವಣೆಗೆ ಮಂಡಳಿಯ ಒಪ್ಪಿಗೆ ಸಿಗುತ್ತದೆಯೇ? ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆಯೇ? ಈ ಪ್ರಶ್ನೆಗಳಿಗೆ "ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಲೈಟ್ ಬಿಲ್, ರೇಷನ್ ಕಾರ್ಡು ವಾಸಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ. ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಮನೆ ನಮ್ಮದಾಗದು. ಇಂಥ ಕಾಗದಕ್ಕೆ ಗೃಹಸಾಲ ನೀಡಲು ಬ್ಯಾಂಕುಗಳು ಮುಂದಾಗದಿರುವುದೇ ಒಂದು ಎಚ್ಚರಿಕೆ.

ಅಗ್ಗವೆಂದು ಕಂಡ ಖೋಲಿ ಕೈತಪ್ಪಿದರೆ ಇನ್ನೊಂದು ಸಿಕ್ಕೀತು. ಒಂದು ಜೀವಮಾನದ ದುಡಿಮೆ ಕೈತಪ್ಪಿದರೆ ಅದನ್ನು ಮತ್ತೆ ಗಳಿಸಲು ಇನ್ನೊಂದು ಜೀವಮಾನವಿಲ್ಲ.