ಮೂರು ರಿಜಿಸ್ಟರ್‌ಗಳ ಫಜೀತಿ

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವುದು ಕಂಪೈಲರ್. ವ್ಯಾಕರಣ ಬಲ್ಲವರಿದ್ದರೆ ಅದನ್ನು ಕಟ್ಟಬಹುದು ಅನಿಸುತ್ತದೆ. ಆದರೆ ಐಬಿಎಂನ ಜಾನ್ ಬ್ಯಾಕಸ್ 1954ರಲ್ಲಿ ಫೋರ್ಟ್ರಾನ್ ಎಂಬ ಭಾಷೆಗೂ ಅದರ ಕಂಪೈಲರಿಗೂ ಕೈಹಾಕಿದಾಗ ಕೂಡಿದ ತಂಡವೇ ವಿಚಿತ್ರವಾಗಿತ್ತು: ಸ್ಫಟಿಕ ವಿಜ್ಞಾನಿ ಡೇವಿಡ್ ಸೇಯರ್, ವಿಮಾನ ಕಂಪನಿಯಿಂದ ಎರವಲು ಬಂದ ರಾಯ್ ನಟ್, ಎಂಐಟಿಯ ಶೆಲ್ಡನ್ ಬೆಸ್ಟ್, ಆಗಷ್ಟೇ ಕಾಲೇಜು ಮುಗಿಸಿದ್ದ ಲೋಯಿಸ್ ಹೈಬ್ಟ್...

ಕೈಯಲ್ಲಿ ಬರೆದ ಪ್ರೋಗ್ರಾಮಿನಷ್ಟು ವೇಗ ಯಂತ್ರ ಬರೆದದ್ದಕ್ಕೆ ಬರುವುದುಂಟೇ ಎಂದು ಅಂದಿನ ಪ್ರೋಗ್ರಾಮರುಗಳು ಮೂಗು ಮುರಿಯುತ್ತಿದ್ದರು. ಅವರನ್ನು ಒಪ್ಪಿಸುವುದೇ ಬ್ಯಾಕಸ್‌ಗಿದ್ದ ಸವಾಲು. ಸೂತ್ರಗಳನ್ನು ಬಿಡಿಸುವ ಕೆಲಸಕ್ಕೆ ಒಂದು ಸೊಗಸಾದ ಉಪಾಯ ಸಿಕ್ಕಿತು. ಪ್ರತಿ ಚಿಹ್ನೆಯ ಎಡಬಲಕ್ಕೂ ಲೆಕ್ಕಹಾಕಿ ಆವರಣಗಳನ್ನು ತುರುಕಿದರೆ, ಗುಣಾಕಾರ ಮೊದಲೋ ಸಂಕಲನ ಮೊದಲೋ ಎಂಬುದು ತಾನಾಗಿ ತೀರ್ಮಾನವಾಗುತ್ತಿತ್ತು.

ನಿಜವಾದ ಇಕ್ಕಟ್ಟು ಮುಂದಿತ್ತು. ಫೋರ್ಟ್ರಾನ್ ಓಡಬೇಕಿದ್ದ ಐಬಿಎಂ 704 ಯಂತ್ರದಲ್ಲಿ ಇಂಡೆಕ್ಸ್ ರಿಜಿಸ್ಟರ್‌ಗಳಿದ್ದದ್ದು ಮೂರೇ. ಸಾಲುಗಟ್ಟಿದ ಅಂಕಿಗಳಲ್ಲಿ ಎಷ್ಟನೆಯದು ಬೇಕೆಂದು ಹಿಡಿದಿಡುವ ಪುಟ್ಟ ಖಾನೆಗಳವು. ಕಂಪೈಲರಿನ ಮೊದಲ ಹಂತಗಳು ಅವು ಬೇಕಾದಷ್ಟಿವೆ ಎಂದು ಭಾವಿಸಿ ಧಾರಾಳವಾಗಿ ಬಳಸಿಬಿಡುತ್ತಿದ್ದವು. ಎಲ್ಲವನ್ನೂ ಮೂರರೊಳಗೆ ಅಡಗಿಸುವ ಪಾಡು ಬೆಸ್ಟ್‌ಗೆ. ಅದಕ್ಕೆ ಪ್ರೋಗ್ರಾಮಿನ ಯಾವ ಭಾಗ ಹೆಚ್ಚು ಸಲ ಓಡುತ್ತದೆಂದು ತಿಳಿಯಬೇಕು. ಓಡಿಸದೆಯೇ ತಿಳಿಯುವುದು ಹೇಗೆ? ಹೈಬ್ಟ್ ಪ್ರೋಗ್ರಾಮನ್ನು ತುಂಡುಗಳಾಗಿ ಒಡೆದು, ಕವಲು ಬಂದಲ್ಲೆಲ್ಲ ಚೀಟಿ ಎತ್ತಿದಂತೆ ದಾರಿ ಆಯ್ದು, ಅದರ ಓಟವನ್ನು ಕಂಪೈಲರಿನೊಳಗೇ ಅನುಕರಿಸಿದರು. ವ್ಯಾಕರಣದ ಕೆಲಸ ಎಂದುಕೊಂಡಲ್ಲಿ ಸಂಭವನೀಯತೆಯ ಗಣಿತ ಹೀಗೆ ನುಗ್ಗಿತು! ಆ ಅಂದಾಜು ಹಿಡಿದು ಬೆಸ್ಟ್ ಹಂಚಿಕೆ ಮಾಡಿದರು: ಖಾನೆ ಸಾಲದಾದಾಗ, ಎಲ್ಲಕ್ಕಿಂತ ತಡವಾಗಿ ಮತ್ತೆ ಬೇಕಾಗುವ ಅಂಕಿಯನ್ನು ಹೊರಹಾಕುವುದು. ನನಗೆ ಇಡೀ ಫೋರ್ಟ್ರಾನ್‌ನಲ್ಲಿ ತೀರಾ ಮೆಚ್ಚುಗೆಯಾದ ಭಾಗವಿದು.

ಸುಮಾರು 18 ಮಾನವ-ವರ್ಷಗಳ ದುಡಿಮೆಯ ಬಳಿಕ 1957ರಲ್ಲಿ ಕಂಪೈಲರ್ ಗ್ರಾಹಕರ ಕೈಸೇರಿತು. ಅದರ ಕೈಪಿಡಿ ಬರೆದದ್ದು ಸ್ಫಟಿಕ ವಿಜ್ಞಾನಿ ಸೇಯರ್.

ಭಾಷೆಯ ವ್ಯಾಕರಣವನ್ನು ಅಚ್ಚುಕಟ್ಟಾಗಿ ಬರೆದಿಡುವ ಕ್ರಮವನ್ನು ಬ್ಯಾಕಸ್ ಮಂಡಿಸಿದ್ದು ಅದಾದ ಮೇಲೆ, 1959ರಲ್ಲಿ. (ಅದಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬಾತ ಸೂಚಿಸಿದ್ದ.) 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ‘ಯಾಕ್’ ಎಂಬ ಪ್ರೋಗ್ರಾಮ್ ಬಂದು, ನಿಯಮ ಕೊಟ್ಟರೆ ವಾಕ್ಯ ಬಿಡಿಸುವ ಭಾಗವನ್ನು ತಾನೇ ಬರೆದುಕೊಡತೊಡಗಿತು. ರಿಜಿಸ್ಟರ್ ಹಂಚಿಕೆ ಮಾತ್ರ ಅಷ್ಟು ಸಲೀಸಾಗಿ ಬಗ್ಗಲಿಲ್ಲ. 1981ರ ಹೊತ್ತಿಗೆ ಐಬಿಎಂನ ಗ್ರೆಗರಿ ಚೈಟಿನ್ ಅದನ್ನು ನಕಾಶೆಗೆ ಬಣ್ಣ ಹಚ್ಚುವಂಥ ಲೆಕ್ಕವಾಗಿ ಮಾರ್ಪಡಿಸಿದ. ದೊಡ್ಡ ಪ್ರೋಗ್ರಾಮುಗಳಲ್ಲಿ ಆ ಲೆಕ್ಕಕ್ಕೆ ಅತ್ಯುತ್ತಮ ಉತ್ತರವನ್ನು ಬೇಗ ಹುಡುಕುವ ವಿಧಾನ ಇಂದಿಗೂ ಸಿಕ್ಕಿಲ್ಲ. ಕಂಪೈಲರುಗಳು ಅಂದಾಜಿನ ಉಪಾಯಗಳಲ್ಲೇ ಕಾಲ ಹಾಕುತ್ತಿವೆ.